ಜಾವಾದ ಕೆರಿಸ್ ಕೊಳ್ಳುವುದು ಹೇಗೆ: ಕಥೆ ಕೇಳಿ, ದುಡ್ಡು ಮಾತ್ರ ಕಬ್ಬಿಣಕ್ಕೆ ಕೊಡಿ

ನನ್ನ ಮೊದಲ ಕೆರಿಸ್‌ಗೆ, ಅಂದರೆ ಜಾವಾದ ಕಠಾರಿಗೆ, ನಾನು ಕೊಟ್ಟದ್ದು 15 ಲಕ್ಷ ರುಪಿಯಾ. ಗಾಬರಿ ಬೇಡ, ನಮ್ಮ ದುಡ್ಡಲ್ಲಿ ಅದು ಸುಮಾರು 8 ಸಾವಿರ ರೂಪಾಯಿ. ಮಧ್ಯ ಜಾವಾದ ಒಂದು ಊರಿನಲ್ಲಿ ಹಳೆ ಸಾಮಾನು ಮಾರುವವನೊಬ್ಬ ಅದನ್ನು ಹಳದಿ ಬಟ್ಟೆಯಿಂದ ಬಿಚ್ಚಿ ತೋರಿಸಿದ. ಜಾವಾದ ಹಳೆಯ ಮಜಾಪಹಿತ್ ಸಾಮ್ರಾಜ್ಯದ ಕಾಲದ್ದು, 600 ವರ್ಷ ಹಳೆಯದು, ಒಳಗೆ ಒಂದು ಶಕ್ತಿ ಇದೆ, ರಾತ್ರಿ ಕನಸಿನಲ್ಲಿ ಬರುತ್ತದೆ ಅಂದ. ಅಲಗು ಕಪ್ಪಗೆ, ಗುಳಿಗುಳಿಯಾಗಿ, ನೋಡಿದರೆ ಅಷ್ಟು ಹಳೆಯದೇ ಅನ್ನಿಸುವ ಹಾಗಿತ್ತು. ಕೊಂಡುಬಿಟ್ಟೆ.

ಒಂದು ತಿಂಗಳಾದ ಮೇಲೆ ಒರೆ ಸರಿಮಾಡಿಸಲು ಒಬ್ಬ ಕುಶಲಕರ್ಮಿಯ ಹತ್ತಿರ ಹೋದೆ. ಆತ ಮಾತಾಡದೆ ಹಿಡಿಯನ್ನು ತಿರುಗಿಸಿ ಕಳಚಿದರು. ಒಳಗಿನ ಕಂಬಿ ನನ್ನ ಮುಂದೆ ಹಿಡಿದರು. ಮನೆ ಕಟ್ಟುವಾಗ ಹಾಕುವ ಸರಳಿನ ತುಂಡನ್ನು ವೆಲ್ಡಿಂಗ್ ಮಾಡಿ ಅಂಟಿಸಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಕನಸಿನಲ್ಲಿ ಏನೂ ಬರಲಿಲ್ಲ, ನಿದ್ದೆ ಮಾತ್ರ ಹೋಯಿತು.

ಆ ಮೇಲೆ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಇಂಡೋನೇಷ್ಯಾದಲ್ಲಿ ಕೆಲಸಕ್ಕಿರುವವರು, ಜಾವಾದ ಯೋಗ್ಯಕರ್ತ ನಗರಕ್ಕೆ ಪ್ರವಾಸ ಹೋಗುವವರು, ಸುಮ್ನೆ ಕುತೂಹಲ ಇರುವವರು, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು: ಇದು ಏನು, ಯಾಕೆ ಇಷ್ಟು ಗೌರವ

ಕೆರಿಸ್ ಎಂದರೆ ಬುಡದಲ್ಲಿ ಒಂದು ಕಡೆಗೆ ಅಗಲವಾಗಿ ಚಾಚಿಕೊಂಡ, ಎರಡೂ ಅಂಚು ಇರುವ ಕಠಾರಿ. ಜಾವಾದ ಅಲಗುಗಳು ಸಾಮಾನ್ಯವಾಗಿ 33ರಿಂದ 38 ಸೆಂಟಿಮೀಟರ್ ಉದ್ದ. ಹಾವಿನಂತೆ ಬಳುಕಿರುವುದು ಮಾತ್ರ ಕೆರಿಸ್ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ನೇರ ಅಲಗಿನವು ಬೇಕಾದಷ್ಟಿವೆ. ಜಾವಾದ ಸಾಹಿತ್ಯದ ಮಾತಿನಲ್ಲಿ ಇದಕ್ಕೆ ಚುರಿಗ ಎಂಬ ಹೆಸರೂ ಇದೆ. ಸಂಸ್ಕೃತದ ಛುರಿಕಾ ಅಲ್ಲಿ ಚುರಿಗ ಆಯಿತು, ನಮ್ಮ ಬಾಯಲ್ಲಿ ಚೂರಿ ಆಯಿತು.

ನಂಟು ಹೆಸರಿಗೇ ನಿಲ್ಲುವುದಿಲ್ಲ. ಲಾವು ಬೆಟ್ಟದ ಇಳಿಜಾರಿನಲ್ಲಿ ಚಂಡಿ ಸುಕುಃ ಎಂಬ 15ನೇ ಶತಮಾನದ ದೇವಸ್ಥಾನ ಇದೆ. ಅಲ್ಲೊಂದು ಕಲ್ಲಿನ ಕೆತ್ತನೆ. ಭೀಮ ಕುಲುಮೆಯಲ್ಲಿ ಕೂತು ಕೆರಿಸ್ ಬಡಿಯುತ್ತಿದ್ದಾನೆ, ಅರ್ಜುನ ತಿದಿ ಒತ್ತುತ್ತಿದ್ದಾನೆ, ಮಧ್ಯದಲ್ಲಿ ಗಣಪತಿ ಕುಣಿಯುತ್ತಿದ್ದಾನೆ! ಮಧ್ಯ ಜಾವಾದ ಸೋಲೋ ನಗರದ ಕಡೆ ಹೋದರೆ ಅಂಗಡಿಗೆ ಹೋಗುವ ಮೊದಲು ಇದನ್ನು ನೋಡಿ ಬನ್ನಿ.

ಕಾಲ ಖಚಿತವಾಗಿ ಕೆತ್ತಿರುವ ಅತಿ ಹಳೆಯ ಕೆರಿಸ್‌ಗಳಲ್ಲಿ ಒಂದರ ಮೇಲೆ ಶಕ 1264 ಎಂದಿದೆ. ನಮ್ಮ ಪಂಚಾಂಗದ ಅದೇ ಶಕವರ್ಷ, ಅಂದರೆ ಕ್ರಿ.ಶ. 1342. ಅಲಗಿನ ಮೇಲೆ ತೆಳುವಾದ ತಾಮ್ರದ ಹೊದಿಕೆ, ಅದರಲ್ಲಿ ರಾಮಾಯಣದ ಚಿತ್ರಗಳು. 19ನೇ ಶತಮಾನದಲ್ಲಿ ಯೋಗ್ಯಕರ್ತದ ಪಾಕು ಆಲಂ ಮನೆತನದ ದೊರೆ ಅದನ್ನು ಕ್ನಾಡ್ ಎಂಬ ಡಚ್ಚರವನಿಗೆ ಕೊಟ್ಟ. ಹಾಗಾಗಿ ಅದು ಈಗಲೂ ಕ್ನಾಡ್‌ನ ಕೆರಿಸ್ ಅಂತಲೇ ಪ್ರಸಿದ್ಧ. ಇಂಡೋನೇಷ್ಯಾದ ಕೆರಿಸ್ ಅನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಪರಂಪರೆಯ ಮೇರುಕೃತಿ ಎಂದು ಸಾರಿತು.

ಮದುವೆಯಲ್ಲಿ ಜಾವಾದ ಮದುಮಗ ಇದನ್ನು ಬೆನ್ನ ಹಿಂದೆ ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾನೆ, ಹಿಡಿಗೆ ಮಲ್ಲಿಗೆ ಸರ ತೊಡಿಸುತ್ತಾರೆ. ನಮ್ಮ ಕೊಡವರ ಪೀಚೆಕತ್ತಿ ಮುಂದೆ ಇರುತ್ತದೆ, ಇದು ಹಿಂದೆ. ಅಷ್ಟೇ ವ್ಯತ್ಯಾಸ ಅನ್ನಬೇಡಿ, ಜಾವಾದವರು ನಗುತ್ತಾರೆ.

ಅಂಗಡಿಗೆ ಮೊದಲು ಮ್ಯೂಸಿಯಂ

ಇದು ನನ್ನ ಕಟ್ಟುನಿಟ್ಟಿನ ಮಾತು. ಒಳ್ಳೆಯದು ಹೇಗಿರುತ್ತದೆ ಅಂತ ಕಣ್ಣಿಗೆ ಗೊತ್ತಾಗುವವರೆಗೆ ದುಡ್ಡು ಬಿಚ್ಚಬೇಡಿ. ಸೋಲೋದಲ್ಲಿ 2017ರಲ್ಲಿ ತೆರೆದ ಮ್ಯೂಸಿಯಂ ಕೆರಿಸ್ ನುಸಾಂತರ ಇದೆ. ಯೋಗ್ಯಕರ್ತದ ಅರಮನೆ ಎದುರಿನ ಬಯಲಿನ ಪಕ್ಕದಲ್ಲೇ 1935ರಿಂದ ಇರುವ ಸೊನೊಬುದೊಯೊ ಮ್ಯೂಸಿಯಂ ಇದೆ. ಎರಡರಲ್ಲೂ ಒಂದೊಂದು ಅರ್ಧ ದಿನ ಕಳೆಯಿರಿ. ಗಾಜಿನ ಹಿಂದೆ ಇರುವುದರಿಂದ ಕೈಗೆ ಸಿಗುವುದಿಲ್ಲ ನಿಜ. ಆದರೆ ಅಲಗಿನ ಗೆರೆ, ಬುಡದ ಕೆತ್ತನೆ, ಒಟ್ಟು ನಿಲುವು ಕಣ್ಣಲ್ಲಿ ಕೂರುತ್ತದೆ. ಆಮೇಲೆ ಸಂತೆಯಲ್ಲಿ ನೋಡಿದ ಹತ್ತರಲ್ಲಿ ಎಂಟು ತಾವಾಗಿಯೇ ಬಿದ್ದುಹೋಗುತ್ತವೆ.

ಕಲಿಯಲೇಬೇಕಾದ ಮಾತುಗಳು

ಕೆರಿಸ್ ಲೋಕದಲ್ಲಿ ಪದಗಳಿಗೆ ಲೆಕ್ಕವೇ ಇಲ್ಲ. ಎಲ್ಲವೂ ಬೇಡ. ನಾಲ್ಕು ಮಾತ್ರ ಚೆನ್ನಾಗಿ ಗೊತ್ತಿರಲಿ.

ಧಪುರ್ ಎಂದರೆ ಅಲಗಿನ ಆಕಾರ. ಬಳುಕುಗಳಿಗೆ ಲುಕ್ ಎನ್ನುತ್ತಾರೆ. ಅವು ಯಾವಾಗಲೂ ಬೆಸ ಸಂಖ್ಯೆಯಲ್ಲೇ ಇರುತ್ತವೆ, ಸಾಮಾನ್ಯವಾಗಿ 3ರಿಂದ 13. ಅದಕ್ಕೂ ಹೆಚ್ಚಿದ್ದರೆ ಅದು ಕಲವಿಜ ಎಂಬ ಬೇರೆ ಗುಂಪು. ಎಣಿಸುವುದು ಹೀಗೆ: ಬುಡದಿಂದ ಮೊನೆಯ ಕಡೆಗೆ, ಉಬ್ಬಿದ ತಿರುವುಗಳನ್ನು ಎಡಕ್ಕೊಂದು ಬಲಕ್ಕೊಂದು ಬದಲಿಸುತ್ತ ಹೋಗಿ. ಸಮ ಸಂಖ್ಯೆ ಬಂದರೆ ನಿಮ್ಮ ಎಣಿಕೆ ತಪ್ಪಿದೆ, ಇಲ್ಲವೇ ಯಾರೋ ಅಲಗಿನ ಮೇಲೆ ಕೈಯಾಡಿಸಿದ್ದಾರೆ.

ಧಪುರ್‌ಗಳ ಹೆಸರು ಕೇಳುವುದೇ ಒಂದು ಖುಷಿ. ಪಸೋಪತಿ ನೇರ ಅಲಗಿನದು, ಹೆಸರು ಅರ್ಜುನನ ಪಾಶುಪತದ್ದು. ಐದು ಲುಕ್ ಇರುವುದಕ್ಕೆ ಪಂಡಾವ. ಕರ್ಣ ತಿನಂದಿಂಗ್ ಅಂತ ಒಂದಿದೆ, ಕರ್ಣನ ಕಾಳಗದ ನೆನಪು. 13 ಲುಕ್‌ನ ಸೆಂಗ್ಕೆಲತ್, 11ರ ಸಬುಕ್ ಇಂಟೆನ್ ಜಾವಾದಲ್ಲಿ ಮನೆಮಾತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಿಲಂ ಉಪಿಹ್. ಯಾವ ಆಡಂಬರವೂ ಇಲ್ಲದ ನೇರ ಅಲಗು. ತಿಲಂ ಎಂದರೆ ಹಾಸಿಗೆ, ಉಪಿಹ್ ಎಂದರೆ ಅಡಿಕೆ ಹಾಳೆ. ಹಾಳೆಯ ಹಾಸಿಗೆ! ಮಲೆನಾಡಿನವರಿಗೆ ಬೇರೆ ವಿವರಣೆ ಬೇಕಾ? ಮನೆಯ ನೆಮ್ಮದಿಗೆ ಒಳ್ಳೆಯದು ಎಂದು ಹಿರಿಯರು ಮಕ್ಕಳಿಗೆ ಇದನ್ನು ಕೊಡುತ್ತಿದ್ದರಂತೆ.

ಪಮೊರ್ ಎಂದರೆ ಅಲಗಿನ ಮೇಲೆ ಕಾಣುವ ಬೆಳ್ಳನೆಯ ಚಿತ್ತಾರ. ಕಮ್ಮಾರ ಕಬ್ಬಿಣದ ನಡುವೆ ನಿಕ್ಕಲ್ ಇರುವ ಲೋಹ ಇಟ್ಟು, ಕಾಯಿಸಿ, ಬಡಿದು, ಮಡಚುತ್ತಾನೆ. ಪ್ರತಿ ಮಡಿಕೆಗೂ ಪದರ ಎರಡರಷ್ಟು. ಆರು ಸಲ ಮಡಚಿದರೆ 64, ಏಳು ಸಲ ಮಡಚಿದರೆ 128. ಮಧ್ಯೆ ಉಕ್ಕಿನ ತಿರುಳು. ಕೊನೆಗೆ ರಸಾಯನ ಹಚ್ಚಿದಾಗ ಕಬ್ಬಿಣ ಕಪ್ಪಾಗುತ್ತದೆ, ನಿಕ್ಕಲ್ ಬೆಳ್ಳಗೇ ಉಳಿಯುತ್ತದೆ. ಹಿಂದೆ ಈ ಲೋಹ ಸುಲವೇಸಿ ದ್ವೀಪದ ಲುವು ಪ್ರದೇಶದಿಂದ ಬರುತ್ತಿತ್ತು. ಪ್ರಂಬನಾನ್ ದೇವಸ್ಥಾನದ ಹತ್ತಿರ ಬಿದ್ದ ಉಲ್ಕೆಯ ಕಲ್ಲನ್ನೂ ಬಳಸಿದರು. ಅದರ ಉಳಿದ ತುಂಡು ಸೋಲೋ ಅರಮನೆಯಲ್ಲಿದೆ. ಈಗಿನವರು ಹೆಚ್ಚಾಗಿ ಅಂಗಡಿಯ ನಿಕ್ಕಲ್ ಬಳಸುತ್ತಾರೆ. "ಇದು ಉಲ್ಕೆಯ ಕೆರಿಸ್" ಅಂತ ಯಾರಾದರೂ ಅಂದರೆ ನಕ್ಕು ಮುಂದಿನದು ನೋಡಿ.

ಪಮೊರ್‌ಗಳಲ್ಲಿ ಸಾಮಾನ್ಯವಾದದ್ದು ಬೆರಸ್ ವುತಃ, ಅಂದರೆ ಚೆಲ್ಲಿದ ಅಕ್ಕಿ. ಹೆಸರಿಗೆ ತಕ್ಕ ಹಾಗೆ ಅಲಗಿನ ತುಂಬ ಅಕ್ಷತೆ ಚೆಲ್ಲಿದಂತಿರುತ್ತದೆ. ಉದನ್ ಮಾಸ್ ಎಂದರೆ ಚಿನ್ನದ ಮಳೆ. ಸುತ್ತುಸುತ್ತಿನ ಚುಕ್ಕಿಗಳು. ವ್ಯಾಪಾರ ಕೈಹಿಡಿಯುತ್ತದೆ ಎಂಬ ನಂಬಿಕೆ ಇರುವುದರಿಂದ ಇದಕ್ಕೆ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಇರುವುದರಿಂದಲೇ ಸುಳ್ಳು ಉದನ್ ಮಾಸ್ ಕೂಡ ಜಾಸ್ತಿ.

ತಂಗುಃ ಎಂದರೆ ಯಾವ ಕಾಲದ, ಯಾವ ಸೀಮೆಯ ಶೈಲಿ ಎಂಬ ಅಂದಾಜು. ಮಜಾಪಹಿತ್, ಪಜಜಾರನ್, ತುಬಾನ್, ಮತರಂ, ಮದುರಾ ಹೀಗೆ. ಅಂದಾಜು ಎಂಬ ಪದ ನೆನಪಿಡಿ. ಇಬ್ಬರು ತಿಳಿದವರು ಒಂದೇ ಅಲಗು ನೋಡಿ ಎರಡು ತಂಗುಃ ಹೇಳುತ್ತಾರೆ. ಮಜಾಪಹಿತ್ ಶೈಲಿಯದ್ದು ಅಂದರೆ ಮಜಾಪಹಿತ್ ಕಾಲದಲ್ಲೇ ಮಾಡಿದ್ದು ಎಂದಲ್ಲ.

ಕೊನೆಯದು ಕಮರ್ದಿಕನ್. ಇಂಡೋನೇಷ್ಯಾ 1945ರಲ್ಲಿ ಸ್ವತಂತ್ರವಾದ ಮೇಲೆ ಮಾಡಿದ ಕೆರಿಸ್. ಈ ಪದಕ್ಕೆ ಆಮೇಲೆ ಮತ್ತೆ ಬರುತ್ತೇನೆ, ಏಕೆಂದರೆ ನನ್ನ ಸಲಹೆ ನಿಂತಿರುವುದೇ ಅದರ ಮೇಲೆ.

ಕೈಗೆ ತೆಗೆದುಕೊಳ್ಳುವ ರೀತಿ

ಮಾರುವವರನ್ನು ಹೆಸರು ಹಿಡಿದು ಕರೆಯಬೇಡಿ. ಹಿರಿಯರಾದರೆ ಪಾಕ್, ಹುಡುಗರಾದರೆ ಮಾಸ್, ಹೆಂಗಸಾದರೆ ಬು. ಒರೆಯಿಂದ ತೆಗೆಯುವ ಮೊದಲು ಅನುಮತಿ ಕೇಳಿ. ಕೆರಿಸ್ ಅನ್ನು ಒರೆಸಮೇತ ಹಣೆಯ ಹತ್ತಿರಕ್ಕೆ ಎತ್ತಿ, ನಾವು ಪುಸ್ತಕ ಕಣ್ಣಿಗೊತ್ತಿಕೊಳ್ಳುವ ಹಾಗೆ. ಬಲಗೈಯಲ್ಲಿ ಹಿಡಿ, ಎಡಗೈಯಲ್ಲಿ ಒರೆ. ಸಿನಿಮಾದವರ ಹಾಗೆ ಸರ್ರನೆ ಅಲಗು ಎಳೆಯಬಾರದು. ಎಡಗೈಯ ಹೆಬ್ಬೆರಳಿನಿಂದ ಸ್ವಲ್ಪ ಸಡಿಲಿಸಿ, ಒರೆಯನ್ನೇ ಅಲಗಿನಿಂದ ಮೆಲ್ಲಗೆ ಸರಿಸಬೇಕು. ಮೊನೆಯನ್ನು ಯಾರ ಕಡೆಗೂ ತೋರಿಸಬೇಡಿ.

ಅಲಗನ್ನು ಬೆರಳಿನಿಂದ ಮುಟ್ಟಬೇಡಿ. ಒಂದು, ಬೆವರಿನಿಂದ ತುಕ್ಕು ಹಿಡಿಯುತ್ತದೆ. ಎರಡು, ಚಿತ್ತಾರ ಕಪ್ಪಾಗಿಸಲು ಹಚ್ಚುವ ವಾರಂಗನ್ ಎಂಬ ರಸಾಯನದಲ್ಲಿ ಇರುವುದು ಪಾಷಾಣ. ಸುಮ್ಮನೆ ನೋಡಿದರೆ ಏನೂ ಆಗುವುದಿಲ್ಲ. ಆದರೆ ಮುಟ್ಟಿದ ಕೈಯಲ್ಲಿ ಬಾಳೆಹಣ್ಣು ಸುಲಿದು ತಿನ್ನಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಅಲಗು ಪರೀಕ್ಷೆ

ಇಲ್ಲಿ ಅವಸರ ಬೇಡ. ಬಾಗಿಲ ಹತ್ತಿರ ಬೆಳಕಿಗೆ ಬನ್ನಿ. ಟ್ಯೂಬ್‌ಲೈಟ್ ಕೆಳಗೆ ಕೆರಿಸ್ ನೋಡುವುದು ಟ್ಯೂಬ್‌ಲೈಟ್ ಕೆಳಗೆ ರೇಷ್ಮೆ ಸೀರೆ ಕೊಂಡ ಹಾಗೆ.

ಹಳಬರು ಮೂರು ಮಾತು ಹೇಳುತ್ತಾರೆ: ವುತುಃ, ಸೆಪುಃ, ತಂಗುಃ. ಇಡಿಯಾಗಿದೆಯಾ, ಹಳೆಯದಾ, ಯಾವ ಕಾಲದ ಶೈಲಿ. ಮಾರುವವರು ಈ ಸಾಲನ್ನು ಹಿಂದಿನಿಂದ ಶುರುಮಾಡುತ್ತಾರೆ, ಮೊದಲು ಕಾಲದ ಕಥೆ. ನೀವು ಮೊದಲು ಇಡಿಯಾಗಿದೆಯಾ ನೋಡಿ.

ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬುಡದಿಂದ ಮೊನೆಗೆ ಅಂಚಿನುದ್ದಕ್ಕೂ ದೃಷ್ಟಿ ಹಾಯಿಸಿ. ಎರಡೂ ಅಂಚಿನ ಗೆರೆ ಒಂದೇ ಹರಿವಿನಲ್ಲಿ ಹೋಗಬೇಕು. ತುಕ್ಕು ತಿಂದು ಕಚ್ಚಿದಂತಾಗಿದ್ದರೆ, ಅಥವಾ ಮೊನೆ ಮುರಿದದ್ದನ್ನು ಅರದಿಂದ ಉಜ್ಜಿ ಹೊಸ ಮೊನೆ ಮಾಡಿದ್ದರೆ ಗೊತ್ತಾಗುತ್ತದೆ. ಹಾಗೆ ಮಾಡಿದ ಕಡೆ ಅಲಗು ಇದ್ದಕ್ಕಿದ್ದಂತೆ ಮೊಂಡಾಗಿ ಕಾಣುತ್ತದೆ. ಉದ್ದುದ್ದ ಬಿರುಕು ಬಿಟ್ಟು ಪದರ ಬೇರೆಯಾಗಿದ್ದರೆ ಅದಕ್ಕೆ ಪೆಗತ್ ವಾಜ ಎನ್ನುತ್ತಾರೆ. ಜಾವಾದವರಿಗೆ ಅದು ಅಪಶಕುನ. ನಿಮಗೆ ಶಕುನದ ಮೇಲೆ ನಂಬಿಕೆ ಇಲ್ಲದಿದ್ದರೂ ಬೇಡ ಅನ್ನಿ. ಬೆಸುಗೆ ಕೂಡಿಲ್ಲದ ಅಲಗು ಅದು. ಜೊತೆಗೆ ನಾಳೆ ನೀವು ಮಾರಲು ಹೋದರೆ ಯಾರೂ ಕೊಳ್ಳುವುದಿಲ್ಲ.

ಇನ್ನು ಬುಡ. ಕೆರಿಸ್‌ನ ಜೀವ ಇರುವುದೇ ಅಲ್ಲಿ. ಅಲಗಿನ ಕೆಳಗೆ ಅಡ್ಡಕ್ಕೆ ಕೂರುವ ತುಂಡಿಗೆ ಗಂಜ ಎಂದು ಹೆಸರು. ಹೆಚ್ಚಿನವುಗಳಲ್ಲಿ ಅದು ಬೇರೆ ತುಂಡು, ರಂಧ್ರದ ಮೂಲಕ ತೂರಿಸಿ ಕೂರಿಸಿದ್ದು. ಅಲಗಿಗೂ ಗಂಜಕ್ಕೂ ನಡುವಿನ ಸಂದು ಕೂದಲೆಳೆಯಷ್ಟೇ ಇರಬೇಕು. ಬೆಳಕು ಹಾಯುವಷ್ಟಿದ್ದರೆ, ಅಥವಾ ಗಂಜದ ಕಬ್ಬಿಣದ ಬಣ್ಣ ಅಲಗಿನದಕ್ಕಿಂತ ತೀರ ಬೇರೆ ಇದ್ದರೆ, ಗಂಜ ಬದಲಾಗಿದೆ. ಅದು ಮಹಾಪರಾಧವೇನಲ್ಲ, ಬೆಲೆ ಇಳಿಸಲು ಕಾರಣ.

ಬುಡದ ಮುಂಭಾಗದಲ್ಲಿ ಆನೆಯ ಸೊಂಡಿಲಿನಂತೆ ಸುರುಳಿಯಾದ ಒಂದು ಕೊಕ್ಕೆ ಇರಬಹುದು. ಅದು ಕೆಂಬಂಗ್ ಕಚಂಗ್. ಅದರ ಕೆಳಗಿನ ಸಣ್ಣ ಮುಳ್ಳು ಲಂಬೆ ಗಜಃ, ಆನೆಯ ತುಟಿ. ನಮ್ಮ ಗಜವೇ ಇದು. ಹಿಂಭಾಗದಲ್ಲಿ ಗರಗಸದ ಹಲ್ಲಿನಂಥ ಗ್ರೆನೆಂಗ್. ಈ ಚಿಕ್ಕ ಚಿಕ್ಕ ಅವಯವಗಳೇ ಧಪುರ್ ನಿರ್ಧರಿಸುತ್ತವೆ, ಇವೇ ಮೊದಲು ಮುರಿಯುವುದು. ಅಂಚು ಚೂಪಾಗಿ, ಗೆರೆ ಗಟ್ಟಿಯಾಗಿ ಇದೆಯಾ ನೋಡಿ. ಸೊಂಡಿಲು ಮುರಿದುಹೋದ ಅಲಗನ್ನು ಉಜ್ಜಿ ಸರಳ ಧಪುರ್ ಆಗಿ ಮಾರುವುದು ಹಳೆಯ ಚಾಲಾಕಿ.

ಚಿತ್ತಾರ ನಿಜವಾ ಅಂತ ತಿಳಿಯುವುದು ಹೇಗೆ? ನಿಜವಾದ ಪಮೊರ್ ಲೋಹದ ಒಳಗಿಂದ ಬಂದದ್ದು. ಅದು ಅಂಚಿನ ಹತ್ತಿರ ಹೋದಂತೆ ಸಹಜವಾಗಿ ತೆಳುವಾಗುತ್ತ ಹೋಗುತ್ತದೆ, ಉಕ್ಕಿನ ಅಂಚು ಬೇರೆಯಾಗಿ ಕಾಣುತ್ತದೆ. ಎರಡು ಬದಿಯಲ್ಲೂ ಒಂದೇ ಅಚ್ಚಿನಂತೆ ಇರುವುದಿಲ್ಲ. ಆಸಿಡ್‌ನಿಂದ ಕೊರೆದ ಸುಳ್ಳು ಚಿತ್ತಾರದಲ್ಲಿ ಬಿಳಿ ಕಪ್ಪು ಎರಡೂ ಒಂದೇ ಲೋಹ, ಒಂದು ತಗ್ಗು ಒಂದು ಎತ್ತರ ಅಷ್ಟೆ. ಓರೆಯಾಗಿ ಬೆಳಕಿಗೆ ಹಿಡಿದು ತಿರುಗಿಸಿ. ನಿಕ್ಕಲ್ ಮಿಂಚುತ್ತದೆ, ಕೊರೆದ ಕಬ್ಬಿಣ ಮಂಕಾಗಿಯೇ ಇರುತ್ತದೆ.

ಹಳತನಕ್ಕೂ ಆಸಿಡ್ ಹಾಕುತ್ತಾರೆ. ನನ್ನ 15 ಲಕ್ಷದ ಸಾಹಸ ಅದೇ. ನಿಜವಾಗಿ ಹಳೆಯದಾದ ಅಲಗು ತೊಳೆದು ತೊಳೆದು ಸವೆದಿರುತ್ತದೆ. ಸವೆತ ಸಮವಲ್ಲ. ಅಂಚಿನಲ್ಲಿ ಹೆಚ್ಚು, ಬುಡದಲ್ಲಿ ಕಡಿಮೆ. ಒರೆಯೊಳಗೆ ಸಿಕ್ಕಿಕೊಂಡು ಕೂರುವ ಜಾಗದಲ್ಲಿ ಇನ್ನೂ ಕಡಿಮೆ. ಆಸಿಡ್ ತಿಂದದ್ದು ಎಲ್ಲ ಕಡೆ ಒಂದೇ ರೀತಿ ಗುಳಿಗುಳಿ, ಸಿಡುಬಿನ ಕಲೆಯಂತೆ.

ಆಮೇಲೆ ತೂಕ. ಹಿಡಿಯನ್ನು ಅಂಗೈಯಲ್ಲಿ ಸುಮ್ಮನೆ ಹಿಡಿದು ನೋಡಿ. ಒಳ್ಳೆಯ ಹಳೆಯ ಅಲಗು ನಿರೀಕ್ಷೆಗಿಂತ ಹಗುರ. ಬಡಿದು ಮಡಚಿ ಕಸ ತೆಗೆದ ಕಬ್ಬಿಣ ಅದು. ಕೆಲವರು ಅಲಗನ್ನು ಉಗುರಿನಿಂದ ಮೀಟಿ ಸದ್ದು ಕೇಳುತ್ತಾರೆ. ನನಗೆ ಇವತ್ತಿಗೂ ಆ ಸದ್ದಿನಿಂದ ಏನೂ ಅರ್ಥವಾಗಿಲ್ಲ, ಆದರೂ ಮೀಟುತ್ತೇನೆ.

ಕೊನೆಗೆ, ಹಿಡಿ ಬಿಚ್ಚಿ ತೋರಿಸಿ ಎಂದು ಕೇಳಿ. ಒಳಗಿನ ಕಂಬಿಗೆ ಪೆಸಿ ಎನ್ನುತ್ತಾರೆ. ಅದಕ್ಕೆ ಬಟ್ಟೆ ಸುತ್ತಿ ಹಿಡಿಯೊಳಗೆ ಬಿಗಿಯಾಗಿ ಕೂರಿಸಿರುತ್ತಾರೆ, ಆದ್ದರಿಂದ ನಿಧಾನಕ್ಕೆ ತಿರುಗಿಸಿದರೆ ಬರುತ್ತದೆ. ನೀವೇ ತಿರುಗಿಸಬೇಡಿ, ಹಳೆ ಪೆಸಿ ಮುರಿದರೆ ಆ ಕೆರಿಸ್ ನಿಮ್ಮದೇ ಆಗುತ್ತದೆ. ಪೆಸಿ ಅಲಗಿನ ಜೊತೆ ಒಂದೇ ಕಬ್ಬಿಣವಾ, ಅಂಟಿಸಿದ್ದಾ ನೋಡಿ. ಬಿಚ್ಚಲು ಒಪ್ಪದವರ ಹತ್ತಿರ ನಾನು ಈಗ ಕೊಳ್ಳುವುದಿಲ್ಲ.

ಒರೆ, ಹಿಡಿ ಎಲ್ಲ ಬಟ್ಟೆ ಇದ್ದ ಹಾಗೆ

ಜಾವಾದವರೇ ಇವನ್ನು ಕೆರಿಸ್‌ನ ಉಡುಪು ಅಂತ ನೋಡುತ್ತಾರೆ. ಕಾಲಕಾಲಕ್ಕೆ ಬದಲಾಗುತ್ತವೆ. ದೋಣಿಯಂತೆ ತುದಿ ಮೇಲೆದ್ದ ಒರೆ ಸಮಾರಂಭಕ್ಕೆ. ಸೋಲೋದಲ್ಲಿ ಅದಕ್ಕೆ ಲದ್ರಂಗ್ ಅಂದರೆ ಯೋಗ್ಯಕರ್ತದಲ್ಲಿ ಬ್ರಂಗ್ಗಃ. ದುಂಡಗಿನದು ಗಯಮನ್, ದಿನನಿತ್ಯಕ್ಕೆ. ಮರಗಳಲ್ಲಿ ಶ್ರೀಗಂಧ ಇದೆ, ಕಪ್ಪು ಕಲೆಗಳ ತಿಮೊಹೊ ಇದೆ. ತಿಮೊಹೊದ ಕಲೆ ಚೆನ್ನಾಗಿ ಬಿದ್ದರೆ ಒರೆಯ ಬೆಲೆ ಅಲಗನ್ನೂ ಮೀರುತ್ತದೆ. ಒರೆಯ ಮೇಲಿನ ಲೋಹದ ಕವಚ ಪೆಂಡೊಕ್, ಹಿಡಿಯ ಬುಡದ ಕಲ್ಲಿನ ಉಂಗುರ ಮೆಂಡಕ್.

ಮಿನುಗುವ ಪೆಂಡೊಕ್ ನೋಡಿ ಮರುಳಾಗಬೇಡಿ. ಎಷ್ಟೋ ಸಲ ನಾವು ದುಡ್ಡು ಕೊಡುವುದು ಹಿತ್ತಾಳೆಗೆ. ಹೊಸ ಒರೆ, ಪೆಂಡೊಕ್ ಬೇಕಾದರೆ ಯೋಗ್ಯಕರ್ತದ ದಕ್ಷಿಣಕ್ಕೆ ಇಮೊಗಿರಿ ಹತ್ತಿರ ಬನ್ಯುಸುಮುರುಪ್ ಎಂಬ ಹಳ್ಳಿ ಇದೆ. ಊರೇ ಈ ಕಸುಬಿನದು. ಹಿಡಿ ಆನೆದಂತದ್ದು ಎಂದು ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಗಡಿ ದಾಟಿಸುವುದು ಅಪರಾಧ.

ಎಲ್ಲಿ ಕೊಳ್ಳುವುದು, ಎಷ್ಟು ಕೊಡುವುದು

ಸೋಲೋದ ಮಂಗ್ಕುನೆಗರನ್ ಅರಮನೆ ಹತ್ತಿರದ ಪಸರ್ ತ್ರಿವಿಂದು ಎಂಬ ಸಂತೆ ಹಳೆ ಸಾಮಾನಿಗೆ ಹೆಸರುವಾಸಿ. ಜಕಾರ್ತದಲ್ಲಿ ರಾವಾ ಬೆನಿಂಗ್ ಹರಳುಗಳ ಮಾರುಕಟ್ಟೆ, ಜಲಾನ್ ಸುರಬಯ ಬೀದಿ ಇವೆ. ನೋಡಲು ಚೆಂದ, ಕಲಿಯಲು ಚೆಂದ. ಮೊದಲ ಭೇಟಿಯಲ್ಲಿ ಕೊಳ್ಳಲು ಅಲ್ಲ.

ಕೆರಿಸ್ ವಿಷಯದಲ್ಲಿ ಬೆಲೆ ಎಷ್ಟು ಎಂದು ಕೇಳುವುದು ಒರಟು ಅನ್ನಿಸುತ್ತದೆ. ಮಹರ್ ಎಷ್ಟು ಎಂದು ಕೇಳಬೇಕು. ಮಾಸ್ ಕಾವಿನ್ ಅಂತಲೂ ಹೇಳುತ್ತಾರೆ. ನಮ್ಮ ಹಿಂದಿನವರ ತೆರ ಇದ್ದ ಹಾಗೆ, ಹೆಣ್ಣಿನ ಕಡೆಯವರಿಗೆ ಕೊಡುತ್ತಿದ್ದ ಹಣ. ಕೆರಿಸ್ ಅನ್ನು ಕೊಳ್ಳುವುದಿಲ್ಲ, ಮನೆ ತುಂಬಿಸಿಕೊಳ್ಳುತ್ತೇವೆ ಎಂಬ ಭಾವ. ಪದ ಎಷ್ಟೇ ನಯವಾಗಿದ್ದರೂ ಚೌಕಾಸಿ ಇದ್ದೇ ಇರುತ್ತದೆ. ನಗುತ್ತ, ಟೀ ಕುಡಿಯುತ್ತ, ದನಿ ಏರಿಸದೆ ಮಾಡಿ. ದೋಷ ಕಂಡರೆ ಅಲಗನ್ನು ಹೀಯಾಳಿಸಬೇಡಿ, ನನಗೆ ಹೊಂದುವುದಿಲ್ಲ ಅನ್ನಿ. ಅವರಿಗೆ ಅರ್ಥವಾಗುತ್ತದೆ.

ಹೊಂದುವುದು ಎಂಬುದು ಅಲ್ಲಿ ನಿಜಕ್ಕೂ ದೊಡ್ಡ ಮಾತು. ಕೆರಿಸ್ ಮತ್ತು ಒಡೆಯನ ಮನಸ್ಸು ಕೂಡಬೇಕು ಎನ್ನುತ್ತಾರೆ. ಎಂಪು ಗಂಡ್ರಿಂಗ್ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಎಂಪು ಅಂದರೆ ಕೆರಿಸ್ ಮಾಡುವ ಕಮ್ಮಾರ. ಕೆಲಸ ಮುಗಿಯದ ಕೆರಿಸ್‌ನಿಂದಲೇ ಅದನ್ನು ಮಾಡುತ್ತಿದ್ದ ಎಂಪುವನ್ನು, ಮುಂದೆ ರಾಜನಾದ ಕೆನ್ ಅರೊಕ್ ಕೊಂದ. ಸಾಯುವಾಗ ಎಂಪು ಕೊಟ್ಟ ಶಾಪ ರಾಜರನ್ನು ಒಬ್ಬೊಬ್ಬರನ್ನಾಗಿ ತಿಂದಿತು. ಇಂಥ ನಂಬಿಕೆಗಳನ್ನು ಗೌರವದಿಂದ ಕೇಳಿ, ತಲೆದೂಗಿ. ಆದರೆ ಒಳಗೆ ಶಕ್ತಿ ಇದೆ, ಅದಕ್ಕೇ ಮಹರ್ ಮೂರರಷ್ಟು ಅಂದರೆ ಎದ್ದು ಬನ್ನಿ. ಶಕ್ತಿಗೆ ರಸೀತಿ ಸಿಗುವುದಿಲ್ಲ.

ಫೋಟೊ ನೋಡಿ ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಇಷ್ಟು ಕೇಳಿ: ಎರಡೂ ಬದಿಯ ಪೂರ್ತಿ ಉದ್ದದ ಚಿತ್ರ, ಗಂಜವನ್ನು ಪೆಸಿಯ ಕಡೆಯಿಂದ ತೆಗೆದದ್ದು, ಬುಡದ ಹತ್ತಿರದ ಚಿತ್ರ, ಮೊನೆ, ಹಿಡಿ ಬಿಚ್ಚಿದ ಪೆಸಿ, ಪಕ್ಕದಲ್ಲಿ ಅಳತೆಪಟ್ಟಿ. ಹಗಲ ಬೆಳಕಿನಲ್ಲಿ. ಕಳಿಸದಿದ್ದರೆ ಬಿಡಿ.

ನನ್ನ ಸಲಹೆ: ಮೊದಲನೆಯದು ಹೊಸದಿರಲಿ

ಇದನ್ನು ಕೇಳಿ ಹಳೆಯ ಸಂಗ್ರಹಗಾರರು ಮೂಗು ಮುರಿಯಬಹುದು. ಆದರೂ ಹೇಳುತ್ತೇನೆ. ಮೊದಲ ಕೆರಿಸ್ ಬದುಕಿರುವ ಕಮ್ಮಾರರಿಂದ ಮಾಡಿಸಿಕೊಂಡ ಕಮರ್ದಿಕನ್ ಆಗಿರಲಿ.

ಈ ಕಸುಬು ಒಂದು ಕಾಲಕ್ಕೆ ನಿಂತೇಹೋಗುವಂತಿತ್ತು. 1970ರ ದಶಕದಲ್ಲಿ ಡೀಟ್ರಿಶ್ ಡ್ರೆಶರ್ ಎಂಬ ಜರ್ಮನ್ ನಾವಿಕ ಕೆರಿಸ್ ಹುಚ್ಚು ಹಿಡಿಸಿಕೊಂಡು, ಯೋಗ್ಯಕರ್ತದ ಪಶ್ಚಿಮದ ಒಂದು ಹಳ್ಳಿಯಲ್ಲಿ ಎಂಪು ಮನೆತನದ ಜೆನೊ ಹಾರುಂಬ್ರೊಜೊ ಮತ್ತು ಅವರ ಅಣ್ಣತಮ್ಮಂದಿರನ್ನು ಮತ್ತೆ ಕುಲುಮೆ ಹಚ್ಚುವಂತೆ ಹುರಿದುಂಬಿಸಿದ. ಜೆನೊ 2006ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕಸುಬು ಉಸಿರಾಡತೊಡಗಿತ್ತು. ಈಗ ಸೋಲೋದ ಐಎಸ್‌ಐ ಕಲಾ ವಿದ್ಯಾಲಯದಲ್ಲಿ ಕೆರಿಸ್ ತಯಾರಿಕೆಯೇ ಒಂದು ಪದವಿ ಪಾಠ. ಮದುರಾ ದ್ವೀಪದ ಸುಮೆನೆಪ್ ಜಿಲ್ಲೆಯ ಅಯೆಂಗ್ ತೊಂಗ್ ತೊಂಗ್ ಹಳ್ಳಿಯಲ್ಲಿ ಮನೆಮನೆಯಲ್ಲೂ ಅರದ ಸದ್ದು.

ಹೊಸದು ಕೊಂಡರೆ ಲಾಭ ಏನು? ಮಾಡಿದವರು ಯಾರೆಂದು ಗೊತ್ತು. ಕುಲುಮೆ ಎದುರು ನಿಂತು ನೋಡಬಹುದು. ಧಪುರ್, ಪಮೊರ್ ನೀವೇ ಆರಿಸಬಹುದು. ಸುಳ್ಳಿಗೆ ಜಾಗ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ಕಾನೂನಿನ ತಲೆನೋವು ಕಡಿಮೆ. ಮದುರಾದಲ್ಲಿ ಹಳೆಯದರಂತೆ ಕಾಣುವ ಹೊಸವೂ ಬರುತ್ತವೆ. ಹೊಸದು ಅಂತ ಹೇಳಿಯೇ ಕೊಟ್ಟರೆ ತೊಂದರೆ ಇಲ್ಲ, ಅಂಗಡಿಯಿಂದ ಅಂಗಡಿಗೆ ಹೋಗುವಾಗ 300 ವರ್ಷ ಸೇರಿಕೊಳ್ಳುವುದು ತೊಂದರೆ.

ಊರಿಗೆ ತರುವ ಮಾತು

ಇಂಡೋನೇಷ್ಯಾದ 2010ರ 11ನೇ ಕಾಯ್ದೆ ಪ್ರಕಾರ 50 ವರ್ಷ ಅಥವಾ ಹೆಚ್ಚು ಹಳೆಯದಾದ, ಮಹತ್ವ ಇರುವ ವಸ್ತು ಸಾಂಸ್ಕೃತಿಕ ಪರಂಪರೆ ಎನಿಸಿಕೊಳ್ಳಬಹುದು. ಅಂಥದ್ದನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ಸಂಶೋಧನೆ, ಪ್ರದರ್ಶನದಂಥ ಕೆಲಸಕ್ಕೆ ಅನುಮತಿ ಪಡೆದರೆ ಮಾತ್ರ ಸಾಧ್ಯ. ಹಾಗಾಗಿ ಹಳೆಯದನ್ನು ಕೊಂಡರೆ, ಇದು ಪರಂಪರೆಯ ವಸ್ತು ಅಲ್ಲ ಎಂಬ ಪತ್ರ ಅಲ್ಲಿನ ಸಂರಕ್ಷಣಾ ಕಚೇರಿಯಿಂದ ಬೇಕಾಗುತ್ತದೆ. ಹೊಸದಾದರೆ ಮಾಡಿದವರ ರಸೀತಿ, ಮಾಡಿದ ವರ್ಷ, ಫೋಟೊ ಇಟ್ಟುಕೊಳ್ಳಿ.

ಇತ್ತ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಕಠಾರಿ ಅದರ ನಿಯಮಗಳ ಪಟ್ಟಿಯಲ್ಲೇ ಇದೆ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗೂ ಇದೆ, ಅಡುಗೆ ಬೇಸಾಯದ ಕತ್ತಿಗಳನ್ನು ಬಿಟ್ಟು. ಕೆರಿಸ್ ಸುಲಭವಾಗಿ 9 ಇಂಚು ದಾಟುತ್ತದೆ. ಆದ್ದರಿಂದ ಗೋಡೆಗೆ ಹಾಕುವ ಅಲಂಕಾರ ಸಾರ್ ಎಂದು ವಿಮಾನ ನಿಲ್ದಾಣದಲ್ಲಿ ಹೇಳಿ ಪಾರಾಗುವ ಲೆಕ್ಕ ಹಾಕಬೇಡಿ. ಹೊರಡುವ ಮೊದಲೇ ಕಸ್ಟಮ್ಸ್ ಏಜೆಂಟರ ಹತ್ತಿರ, ಜಿಲ್ಲೆಯ ಪರವಾನಗಿ ಕಚೇರಿಯಲ್ಲಿ ಬರಹದಲ್ಲಿ ವಿಚಾರಿಸಿ. ಕೈಚೀಲದಲ್ಲಿ ಅಂತೂ ಇಡಲೇಬೇಡಿ. ನನ್ನ ಪರಿಚಯದವರು ಕೆಲವರು ಕೆರಿಸ್‌ಗಳನ್ನು ಜಾವಾದ ಗೆಳೆಯರ ಮನೆಯಲ್ಲೇ ಬಿಟ್ಟಿದ್ದಾರೆ, ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಾರೆ. ಹುಚ್ಚು ಅನ್ನಿಸಬಹುದು, ಆದರೆ ಅದೂ ಒಂದು ದಾರಿ.

ಆರೈಕೆ

ಜಾವಾದ ವರ್ಷದ ಮೊದಲ ತಿಂಗಳು ಸುರೊ. ಆ ತಿಂಗಳಲ್ಲಿ ಕೆರಿಸ್‌ಗಳಿಗೆ ಸ್ನಾನ, ಜಮಸನ್ ಎನ್ನುತ್ತಾರೆ. ಯೋಗ್ಯಕರ್ತ ಅರಮನೆಯಲ್ಲಿ ಅದು ಜಾವಾದ ಐದು ದಿನದ ವಾರದ ಕ್ಲಿವೊನ್ ಎಂಬ ದಿನ ಕೂಡಿದ ಮಂಗಳವಾರ ಅಥವಾ ಶುಕ್ರವಾರ ನಡೆಯುತ್ತದೆ. ನಮ್ಮ ಆಯುಧಪೂಜೆ ನೋಡಿದವರಿಗೆ ಆ ವಾತಾವರಣ ಹೊಸದಲ್ಲ.

ವಿಧಾನ ಹೀಗೆ. ತುಕ್ಕು ಸಡಿಲಾಗಲು ಅಲಗನ್ನು ತೆಂಗಿನಕಾಯಿ ನೀರಿನಲ್ಲಿ ನೆನೆಹಾಕುತ್ತಾರೆ. ಆಮೇಲೆ ನಿಂಬೆಹಣ್ಣಿನಿಂದ ಉಜ್ಜುತ್ತಾರೆ. ಲೆರಕ್ ಕಾಯಿಯ ನೊರೆಯಿಂದ ತೊಳೆಯುತ್ತಾರೆ. ಲೆರಕ್ ಅಂದರೆ ನಮ್ಮ ಅಂಟುವಾಳದ ಬಳಗದ್ದೇ. ಅಲಗು ಬೆಳ್ಳಗಾಗುವವರೆಗೆ ಇದು ನಡೆಯುತ್ತದೆ. ಚೆನ್ನಾಗಿ ಒಣಗಿಸಿ, ನಿಂಬೆರಸದಲ್ಲಿ ಕಲಸಿದ ಪಾಷಾಣದ ವಾರಂಗನ್ ಹಚ್ಚುತ್ತಾರೆ. ಚಿತ್ತಾರ ನಿಧಾನಕ್ಕೆ ಮೇಲೇಳುತ್ತದೆ. ತೊಳೆದು, ಒಣಗಿಸಿ, ಶ್ರೀಗಂಧ ಅಥವಾ ಮಲ್ಲಿಗೆಯ ಎಣ್ಣೆ ಸವರುತ್ತಾರೆ.

ವಾರಂಗನ್ ನೀವು ಮಾಡಲು ಹೋಗಬೇಡಿ. ವಿಷ ಅದು, ಮನೆಯ ಬಚ್ಚಲಿನಲ್ಲಿ ಮಾಡುವ ಕೆಲಸ ಅಲ್ಲ. ಜಾವಾದಲ್ಲೇ ತಿಳಿದವರಿಂದ ಮಾಡಿಸಿ ತನ್ನಿ. ಒಳ್ಳೆಯ ವಾರಂಗನ್ ವರ್ಷಗಟ್ಟಲೆ ನಿಲ್ಲುತ್ತದೆ, ಪ್ರತಿ ವರ್ಷ ಬೇಕಿಲ್ಲ. ಹೆಚ್ಚು ತೊಳೆದಷ್ಟೂ ಅಲಗು ಸವೆಯುತ್ತದೆ ಎಂಬುದು ಮರೆಯಬೇಡಿ.

ಮನೆಯಲ್ಲಿ ನಿಮ್ಮ ಕೆಲಸ ಎಣ್ಣೆ ಮಾತ್ರ. ಕೈಗವಸು ಹಾಕಿ, ಹಳೆಯ ಎಣ್ಣೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಹೊಸದು ಸವರಿ. ಬಟ್ಟೆಯನ್ನು ಬೇರೆ ಇಡಿ. ಎಣ್ಣೆ ಸುರಿಯುವ ಹಾಗೆ ಹಾಕಿದರೆ ಒರೆಯ ಮರ ಕುಡಿದು ಕಪ್ಪಾಗುತ್ತದೆ. ಮಂಗಳೂರು, ಕಾರವಾರದಂಥ ಕಡೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ. ಮೈಸೂರು ಬೆಂಗಳೂರಿನವರಿಗೆ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಮರಳುಕಾಗದ, ತಂತಿ ಬ್ರಷ್, ಹಿತ್ತಾಳೆ ತಿಕ್ಕುವ ಪಾಲಿಶ್ ಹತ್ತಿರವೂ ತರಬೇಡಿ. ಒಂದೇ ಸಲ ತಿಕ್ಕಿದರೆ ನೂರು ವರ್ಷದ ಮೇಲ್ಮೈ ಹೋಯಿತು.

ಒಂದು ಪುಸ್ತಕ ಇಡಿ

ಸಂಗ್ರಹ ಎಂದರೆ ಸಾಮಾನು ಮಾತ್ರ ಅಲ್ಲ, ಕಾಗದವೂ ಹೌದು. 1825ರಿಂದ 1830ರವರೆಗೆ ಡಚ್ಚರ ವಿರುದ್ಧ ಹೋರಾಡಿದ ರಾಜಕುಮಾರ ದಿಪೊನೆಗೊರೊನ ಕೆರಿಸ್ ನೆದರ್‌ಲೆಂಡ್ಸ್‌ಗೆ ಹೋಗಿ, ಮ್ಯೂಸಿಯಂ ಸಂಗ್ರಹದೊಳಗೆ ಯಾವುದು ಎಂದೇ ತಿಳಿಯದಷ್ಟು ಬೆರೆತುಹೋಯಿತು. ಹಳೆಯ ದಾಖಲೆಗಳನ್ನು ಕೆದಕಿ ಗುರುತಿಸಿ 2020ರಲ್ಲಿ ಇಂಡೋನೇಷ್ಯಾಕ್ಕೆ ಮರಳಿಸಿದರು. ಆಮೇಲೂ ಇದು ಅದೇ ಹೌದಾ ಎಂದು ಚರ್ಚೆ ಎದ್ದಿತು. ರಾಜಕುಮಾರನ ಕೆರಿಸ್‌ಗೇ ಈ ಗತಿ!

ಆದ್ದರಿಂದ ಪ್ರತಿಯೊಂದಕ್ಕೂ ಒಂದು ಪುಟ. ಯಾವ ದಿನ, ಯಾವ ಊರು, ಯಾರಿಂದ, ಮಹರ್ ಎಷ್ಟು. ಧಪುರ್, ಪಮೊರ್, ಲುಕ್ ಎಷ್ಟು. ಉದ್ದ, ತೂಕ. ತಂಗುಃ ಬಗ್ಗೆ ಯಾರು ಏನು ಹೇಳಿದರು, ಅವರ ಮಾತು ಅಂತಲೇ ಬರೆಯಿರಿ. ಒರೆ ಬದಲಿಸಿದರೆ ಹಳೆಯದನ್ನು ಎಸೆಯಬೇಡಿ, ಅದೇ ಸಂಖ್ಯೆ ಅಂಟಿಸಿ ಇಡಿ.

ನನ್ನ ಪುಸ್ತಕದ ಮೊದಲ ಪುಟದಲ್ಲಿ ಆ ವೆಲ್ಡಿಂಗ್ ಕೆರಿಸ್ ಇದೆ. ಕಾಲ: ಮಜಾಪಹಿತ್ (ಮಾರಿದವನ ಮಾತು). ಪೆಸಿ: ಟಿಎಂಟಿ ಸರಳು.